ಚಟ್ನಿ ಕಾಯಿಯೂ ಆರ್ಕ್ಟಿಕ್ ಹರಕೆಯೂ

ಕೆನಡಾ ದೇಶದ ಸರ್ಕಾರಕ್ಕೂ ನಮ್ಮ ಸಾಂಬ್ರಾಣಿ ಊರಿನ ದ್ಯಾಮಪ್ಪನಿಗೂ ಇರುವ ಸಂಬಂಧ ಒಂದು ತೆಂಗಿನಕಾಯಿಯಷ್ಟು. ಅದೂ ಚಟ್ನಿಗೆಂದು ತಂದದ್ದು.

ದ್ಯಾಮಪ್ಪನದು ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಐಸ್‌ಕ್ಯಾಂಡಿ, ಸೋಡಾ, ಲಿಂಬು ಶರಬತ್ತಿನ ಅಂಗಡಿ. ಊರಿಗೆ ಮೊದಲು ಡೀಪ್ ಫ್ರೀಜರ್ ತಂದವನು ಅವನೇ. ಮದುವೆ ಮನೆಗೆ ಐಸ್‌ಕ್ರೀಮ್ ಕಳಿಸುವವನೂ ಅವನೇ, ದೂರದ ನೆಂಟರು ಬರುವವರೆಗೆ ಮಣ್ಣು ಮಾಡದೆ ಕಾಯುವ ಮನೆಗೆ ಐಸ್ ಗಡ್ಡೆ ಕಳಿಸುವವನೂ ಅವನೇ. ಹೀಗೆ ಊರಿನ ಸುಖ ದುಃಖ ಎರಡನ್ನೂ ತಣ್ಣಗಿಟ್ಟ ಮನುಷ್ಯನಿಗೆ, ಭೂಮಿಯ ಮೇಲಿನ ಮಂಜುಗಡ್ಡೆಯೆಲ್ಲ ತನ್ನ ಖಾತೆಗೆ ಸೇರಿದ್ದು ಅನ್ನಿಸಿದರೆ ತಪ್ಪೇನಿಲ್ಲ. ಎಲ್ಲೋ ಹಿಮ ಕರಗಿತೆಂದು ಟೀವಿಯಲ್ಲಿ ಬಂದರೆ ಅವನು ಎದ್ದು ಹೋಗಿ ತನ್ನ ಫ್ರೀಜರಿನ ಬಾಗಿಲು ಒತ್ತಿ ನೋಡುತ್ತಿದ್ದ. "ಯಾರೋ ಬಾಗಲಾ ಸರಿ ಹಾಕಿಲ್ಲ ನೋಡು" ಎಂದು ಹಿಮಾಲಯದವರನ್ನು ಬೈಯುತ್ತಿದ್ದ.

ಮಗಳು ಶಿವಗಂಗಾ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ಗಟ್ಟಿಯಾಗಿ ಓದುವುದು ಅವಳ ಅಭ್ಯಾಸ. ಪರೀಕ್ಷೆ ಅವಳೊಬ್ಬಳದಾದರೂ ಓದು ಇಡೀ ಓಣಿಯದು. ಒಂದು ಸಂಜೆ ಅವಳು ಓದಿದಳು: "ಕೆನಡಾ ಸರ್ಕಾರವು ಆರ್ಕ್ಟಿಕ್ ಪ್ರದೇಶದ ರಕ್ಷಣೆ ಹಾಗೂ ತುರ್ತು ಸ್ಪಂದನೆಯನ್ನು ಬಲಪಡಿಸುವ ಭರವಸೆ ನೀಡಿದೆ."

"ಆರ್ಕ್ಟಿಕ್ ಅಂದ್ರ ಏನಬೇ ತಂಗಿ?" ಎಂದ ದ್ಯಾಮಪ್ಪ.

"ಉತ್ತರ ಧ್ರುವದ ಕಡೆ ಯಪ್ಪಾ. ಎಲ್ಲಿ ನೋಡಿದ್ರೂ ಐಸು."

"ಎಲ್ಲಿ ನೋಡಿದ್ರೂ?"

"ಎಲ್ಲಿ ನೋಡಿದ್ರೂ."

"ಕರೆಂಟ್ ಬಿಲ್ಲು?"

"ಬರಂಗಿಲ್ಲ."

ದ್ಯಾಮಪ್ಪ ಎದ್ದು ಹೋಗಿ ತನ್ನ ಕರೆಂಟ್ ಬಿಲ್ಲನ್ನು ಇನ್ನೊಮ್ಮೆ ನೋಡಿ ಬಂದ. ಅಂದಿನಿಂದ ಕೆನಡಾ ಸರ್ಕಾರ ಅವನ ವೃತ್ತಿಬಾಂಧವ.

ಮರುದಿನ ಬೆಳಿಗ್ಗೆ ಹೆಂಡತಿ ಹೊಳೆವ್ವ ಅವನನ್ನು ಒಂದು ತೆಂಗಿನಕಾಯಿ ತರಲು ಕಳಿಸಿದಳು. ಕಾಯಿ ತಂದವನು ನೇರ ಮನೆಗೆ ಬಂದಿದ್ದರೆ ಈ ಕಥೆ ಚಟ್ನಿಯಲ್ಲೇ ಮುಗಿಯುತ್ತಿತ್ತು. ಆದರೆ ದಾರಿಯಲ್ಲಿ ಬಸವಣ್ಣನ ಗುಡಿ, ಗುಡಿಯ ಮುಂದೆ ಕಟ್ಟೆ, ಕಟ್ಟೆಯ ಮೇಲೆ ಮೋತಿಲಾಲ. ಮೋತಿಲಾಲ ಪಕ್ಕದ ತಾಂಡಾದವನು, ಗೋವಿನಜೋಳ ಹೇರುವ ಟೆಂಪೋದ ಮಾಲೀಕ, ದ್ಯಾಮಪ್ಪನ ಜೀವದ ಗೆಳೆಯ. ಆದ್ದರಿಂದಲೇ ಅವನ ಮಾತನ್ನು ಒಂದು ದಿನವೂ ಒಪ್ಪಿದವನಲ್ಲ.

ದ್ಯಾಮಪ್ಪ ಸುದ್ದಿ ಹೇಳಿದ. ಮೋತಿಲಾಲ ಎಲೆಅಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದ.

"ಭರವಸೆ ಕೊಟ್ಟಾರ ಅಂದಮ್ಯಾಲೆ ಆತು ಬಿಡೊ ದ್ಯಾಮಣ್ಣ, ಮಾಡೂದಿಲ್ಲ. ನಮ್ಮ ತಾಂಡಾದ ರಸ್ತೆಕ್ಕ ನಾ ಸಣ್ಣಾವ ಇದ್ದಾಗಿಂದ ಭರವಸೆ ಹಾಕಾಕತ್ತಾರ. ಖಡಿಕಲ್ಲು ಹಾಕಿಲ್ಲ."

"ಐಸಿನ ಮಂದಿ ಹಂಗಲ್ಲೋ! ಐಸಿನ ಧಂದೆದಾಗ ಮಾತು ತಪ್ಪಿದ್ರ ಮಾಲು ನೀರ ಆಕ್ಕೈತಿ."

"ಮಾಡೂದಿಲ್ಲ."

"ಮಾಡ್ತಾರ!"

"ಮಾಡೂದಿಲ್ಲಂದ್ರ ಮಾಡೂದಿಲ್ಲ. ನೀ ಏನ್ ಅವರ ಜಾಮೀನಾ?"

ಇಲ್ಲಿ ದ್ಯಾಮಪ್ಪ ಎದ್ದು ನಿಂತ. ಎದ್ದು ನಿಂತವನು ಕೈ ಎತ್ತಿದ. ಎತ್ತಿದ ಕೈಯಲ್ಲಿ ಕಾಯಿ ಇತ್ತು. "ಹೌದು, ನಾನ ಜಾಮೀನ! ಕೆನಡಾದವ್ರು ಆ ಆರ್ಕ್ಟಿಕ್ಕಿಗೆ ಬಂದೋಬಸ್ತ್ ಮಾಡೂತನಕ ಈ ದ್ಯಾಮಪ್ಪ ಒಂದು ತೊಟ್ಟು ಚಾ ಕುಡಿಯೂದಿಲ್ಲ!"

ಆ ಕ್ಷಣಕ್ಕೆ ಸರಿಯಾಗಿ ಗುಡಿಯೊಳಗೆ ಯಾರೋ ಗಂಟೆ ಬಾರಿಸಿದರು. ಬಾರಿಸಿದವಳು ಕೆಂಚವ್ವ. ಹಣೆತುಂಬ ವಿಭೂತಿ, ಬಾಯಿತುಂಬ ಧರ್ಮ. ಊರಿನ ಹರಕೆಗಳನ್ನೆಲ್ಲ ನೆನಪಿಟ್ಟು ತೀರಿಸಿದವರನ್ನು ಹರಸುವ, ತೀರಿಸದವರನ್ನು ಬಿಡದ ಮುದುಕಿ. ಹೊಸ್ತಿಲಿನಿಂದಲೇ ಅವಳು ಕೈ ಮುಗಿದಳು.

"ಬಸವಣ್ಣನ ಮುಂದ, ಕಾಯಿ ಹಿಡದು, ಗಂಟಿ ಬಾರಿಸೂ ಹೊತ್ತಿನಾಗ ಆಡೀದಿಯಲ್ಲೋ ತಮ್ಮಾ. ಹರಕಿ ಆತು ಇದು."

"ಆಯಿ, ಇದು ಚಟ್ನಿಗೆ ತಂದಿದ್ದ ಕಾಯಿ!"

"ಬಸವಣ್ಣಗ ಹೆಂಗ ತಿಳೀಬೇಕೋ ಅದು? ಕಾಯಿ ಮ್ಯಾಲೆ ಚಟ್ನಿ ಅಂತ ಬರದೈತೇನು?"

ದ್ಯಾಮಪ್ಪ ಕಾಯಿ ತಿರುಗಿಸಿ ನೋಡಿದ, ಬರೆದಿರಲಿಲ್ಲ. ಕಾಯಿ ನೇರ ದೇವರ ಜಗಲಿ ಸೇರಿತು. ಅಂದು ಹೊಳೆವ್ವ ರೊಟ್ಟಿಯ ಜೊತೆ ಚಟ್ನಿಯನ್ನೂ ಬಡಿಸಲಿಲ್ಲ, ಮಾತನ್ನೂ ಬಡಿಸಲಿಲ್ಲ.

ನಮ್ಮೂರ ಹೆಸರೇ ಸಾಂಬ್ರಾಣಿ. ಒಂದು ಚಿಟಿಕೆ ಸುದ್ದಿ ಕೆಂಡಕ್ಕೆ ಬಿದ್ದರೆ ಸಾಕು, ಘಮ ಹಳಿಯಾಳದ ಸಂತೆ ಮುಟ್ಟುತ್ತದೆ. ಸಂಜೆಯ ಹೊತ್ತಿಗೆ ದ್ಯಾಮಪ್ಪ ಕೆನಡಾಕ್ಕೆ ಹಣ ಕೊಟ್ಟಿದ್ದಾನೆಂದು ಕೆಲವರು, ಕೆನಡಾ ದ್ಯಾಮಪ್ಪನಿಗೆ ಐಸ್ ಆರ್ಡರ್ ಕೊಟ್ಟಿದೆಯೆಂದು ಕೆಲವರು. ಎರಡನ್ನೂ ನಂಬಿದವರು ಬಹಳ ಜನ.

ದ್ಯಾಮಪ್ಪನೋ ತಲೆನೋವಿನಿಂದ ತತ್ತರಿಸಿದ್ದ. ಚಹಾ ಇಲ್ಲದೆ ಎದ್ದರೆ ಅವನಿಗೆ ಬೆಳಗೇ ಆಗುತ್ತಿರಲಿಲ್ಲ. ಆದರೂ ಮರ್ಯಾದೆ ಇದೆಯಲ್ಲ. ದಿನಾ ಬೆಳಿಗ್ಗೆ ಹಣೆಗೆ ಬಟ್ಟೆ ಬಿಗಿದುಕೊಂಡು ಮಗಳ ಮುಂದೆ ಕೂರುತ್ತಿದ್ದ. ಸರ್ಕಾರಗಳು ಕೊಟ್ಟ ಮಾತು ಎಲ್ಲಿಗೆ ಬಂತೆಂದು ಲೆಕ್ಕವಿಡುವ ಜಾಗವೊಂದು ಮೊಬೈಲಿನಲ್ಲಿದೆ ಎಂದು ಅವಳೇ ಹುಡುಕಿದ್ದಳು.

"ಏನಂತ?"

"ನಡೆದೈತಿ ಅಂತ ಐತಿ ಯಪ್ಪಾ."

"ಎಲ್ಲೀತನಕ ನಡೀತು?"

"ಅದನ್ನ ಹೇಳಿಲ್ಲ. ಬರೇ ನಡೆದೈತಿ."

"ಉಳವಿ ಜಾತ್ರಿಗೆ ನಡಕೊಂಡು ಹೋಗೋರು ಸೈತ ಒಂದಿನ ಮುಟ್ತಾರಲ್ಲಬೇ! ಎಲ್ಲಿ ನಡೀತಾರ ಇವರು, ನಿಂತಲ್ಲೇನು?"

ಅಂಗಡಿಗೆ ಬಂದವರು ಸೋಡಾಕ್ಕಿಂತ ಮೊದಲು ಸುದ್ದಿ ಕೇಳುತ್ತಿದ್ದರು. "ದ್ಯಾಮಣ್ಣ, ಹಡಗು ಬಂತೇನು?" "ದ್ಯಾಮಣ್ಣ, ವಿಮಾನಾ ಹಾರಿತೇನು?" ಕೆಂಚವ್ವನ ಕಾಳಜಿ ಬೇರೆ. "ಅಲ್ಲಿ ಬಿಳಿ ಕರಡಿ ಅದಾವಂತಲ್ಲೋ. ನಮ್ಮ ಜೋಯಿಡಾ ಕಡೆ ಕರಿ ಕರಡಿಗೆ ಜನಾ ಅಂಜತಾರ. ಅಲ್ಲಿ ಬಿಳಿ ಐಸಿನಾಗ ಬಿಳಿ ಕರಡಿ ಬಂದ್ರ ಹೆಂಗ ಕಾಣಬೇಕು? ಮೊದಲ ಅವಕ್ಕ ಕರೇ ಬಣ್ಣಾ ಹೊಡಸು ಅಂತ ಹೇಳು ಅವರಿಗೆ." ದ್ಯಾಮಪ್ಪ ಗಂಭೀರವಾಗಿ "ಹೇಳತೇನಿ ಆಯಿ" ಎಂದ. ಜಾಮೀನು ನಿಂತವನು ಇಷ್ಟಾದರೂ ಹೇಳಬೇಕು.

ಹೀಗಿರುವಾಗ ಒಂದು ದಿನ ಹವಾಲ್ದಾರರು ಬಂದರು. ಸಾಂಬ್ರಾಣಿಯ ಸೋಡಾ ಅಂಗಡಿಯಲ್ಲಿ ಪರದೇಶದ ಮಿಲಿಟರಿಯ ಬಗ್ಗೆ ದಿನಾ ಬೆಳಿಗ್ಗೆ ವರದಿ ನಡೆಯುತ್ತದೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ದ್ಯಾಮಪ್ಪ ಅವರನ್ನು ಮನೆಗೆ ಕರೆತಂದು ಕುರ್ಚಿ ಹಾಕಿದ. ಹೊಳೆವ್ವ ಒಂದೇ ಒಂದು ಕಪ್ ಚಹಾ ತಂದಿಟ್ಟಳು.

"ನಿಂದು?" ಎಂದರು ಹವಾಲ್ದಾರರು.

"ನಾ ಕುಡಿಯಂಗಿಲ್ರಿ."

"ಯಾಕ?"

"ಕೆನಡಾದ ರಕ್ಷಣಾ ಕೆಲಸ ಮುಗಿಯೂತನಕ ಕುಡಿಯಂಗಿಲ್ರಿ ಸಾಹೇಬ್ರ."

ಕಪ್ ಎತ್ತಿದ್ದ ಹವಾಲ್ದಾರರು ಅದನ್ನು ನಿಧಾನವಾಗಿ ಕೆಳಗಿಟ್ಟರು. ಒಮ್ಮೆ ದ್ಯಾಮಪ್ಪನನ್ನು ನೋಡಿದರು, ಒಮ್ಮೆ ಚಹಾವನ್ನು ನೋಡಿದರು. ಹಬೆ ಏಳುತ್ತಿತ್ತು.

"ಮೊದಲ ನೀ ಒಂದ್ ಗುಟುಕು ಕುಡಿ."

"ಹರಕಿ ಐತ್ರಿ!"

"ಚಾದಾಗ ಏನ್ ಹಾಕೀರಿ?"

"ಶುಂಠಿರಿ!"

ಕೊನೆಗೆ ಹೊಳೆವ್ವ ಒಳಗಿಂದ ಬಂದು, ಹವಾಲ್ದಾರರ ಮುಂದಿನ ಕಪ್ ಎತ್ತಿ, ನಿಂತಲ್ಲೇ ಬಶಿ ತಟ್ಟೆಗೆ ಸುರಿದು, ಸುರ್ ಎಂದು ಅಷ್ಟನ್ನೂ ಕುಡಿದು, "ನೋಡ್ರಿ, ಸತ್ತಿಲ್ಲ. ಸತ್ರ ಈ ಮನಿಷಾನ ಕಾಟಕ್ಕ ಸಾಯಬೇಕು" ಎಂದು ಖಾಲಿ ಕಪ್ ಒಯ್ದಳು. ಹವಾಲ್ದಾರರಿಗೆ ಪ್ರಾಣ ಉಳಿಯಿತು, ಚಹಾ ಹೋಯಿತು. ಇಡೀ ಸಂಗತಿ ಕೇಳಿದ ಮೇಲೆ ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಮಾತು ಕೊಟ್ಟಾವ ಕೆನಡಾದವ. ಹರಕಿ ಹೊತ್ತಾವ ನೀ. ನಮ್ಮ ಠಾಣೆ ಹದ್ದು ಆ ಹಳ್ಳದ ತನಕ. ಇದು ಯಾವ ಕೇಸಿಗೂ ಬರಂಗಿಲ್ಲ, ಮಲ್ಕೋ" ಎಂದು ಹೊರಟುಹೋದರು.

ಇಲ್ಲಿಯವರೆಗೆ ಎಲ್ಲವೂ ಬರೀ ತಲೆನೋವು. ನಿಜವಾದ ಕಂಟಕ ಬಂದದ್ದು ಮೋತಿಲಾಲನ ಟೆಂಪೋದಲ್ಲಿ. ಮುಂಡಗೋಡ ಕಡೆಗೆ ಗೋವಿನಜೋಳ ಹೇರಿಕೊಂಡು ಹೋದವನು ಅಲ್ಲಿಯ ಇಂದೂರೆಂಬ ಹಳ್ಳಿಯಿಂದ ಶಿವಗಂಗಾಳಿಗೆ ಒಂದು ಸಂಬಂಧ ಹೇರಿಕೊಂಡು ಬಂದ. ಹುಡುಗ ಶರಣಬಸವ, ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್. ಹುಡುಗಿಯನ್ನು ನೋಡಿಹೋದರು, ಒಪ್ಪಿದರು. ಶಿವಗಂಗಾ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿ ಮನಸ್ಸಿನಲ್ಲೇ ಓದತೊಡಗಿದ್ದಳು. ಅವಳೂ ಒಪ್ಪಿದಳೆಂದು ತಿಳಿಯಲು ಓಣಿಗೆ ಅಷ್ಟು ಸಾಕಿತ್ತು.

ಇನ್ನು ಹುಡುಗಿಯ ಕಡೆಯವರು ಹೋಗಿ ಹುಡುಗನ ಮನೆ ನೋಡಬೇಕು. ನಮ್ಮ ಕಡೆ ಇದರಲ್ಲಿ ಬಾಯಿಮಾತು ಕಡಿಮೆ. ಹುಡುಗಿಯ ತಂದೆ ಆ ಮನೆಯ ಚಹಾ ಕುಡಿದರೆ ಒಪ್ಪಿಗೆ. ಕಪ್ ಮುಟ್ಟದೆ ಎದ್ದರೆ ಸಂಬಂಧ ಬೇಡ ಎಂದರ್ಥ. ಆಮೇಲೆ ಅಮೃತ ಕುಡಿಯುತ್ತೇನೆಂದರೂ ಕೇಳುವವರಿಲ್ಲ.

"ಮೊದಲ ಫೋನ್ ಹಚ್ಚಿ ಹೇಳಿಬಿಡೂಣು" ಎಂದ ಮೋತಿಲಾಲ.

"ಏನಂತ?" ಎಂದಳು ಹೊಳೆವ್ವ. "ನಿಮ್ಮ ಬೀಗರು ಕೆನಡಾದ ಸಲುವಾಗಿ ಚಾ ಬಿಟ್ಟಾರ ಅಂತಾ? ಈ ಮನಿತನದಾಗ ತಲಿ ನೆಟ್ಟಗಿಲ್ಲ ಅಂತ ಅವರು ಫೋನ್ ಇಡೂದ್ರಾಗ ಬ್ಯಾರೆ ಹುಡುಗಿ ಹುಡುಕ್ತಾರ."

"ಹಂಗಾರ ಕುಡದು ಬಿಡ್ಲಿ. ಬಸವಣ್ಣ ಏನ್ ಇಂದೂರಿಗೆ ಬರ್ತಾನೇನು?"

"ಬಸವಣ್ಣ ಬರದಿದ್ರ ಏನಾತು, ನಾ ಬರತೇನಿ" ಎಂದಳು ಬಾಗಿಲಲ್ಲಿ ನಿಂತಿದ್ದ ಕೆಂಚವ್ವ. "ಹರಕಿ ಮುರದ ಮನಿಯಾಗ ಶುಭಕಾರ್ಯ ನಿಂದ್ರಂಗಿಲ್ಲ ನೋಡ್ರಿ. ಸಾಕ್ಷಿ ನಾ ಇದ್ದೇನಿ, ಟೆಂಪೋದಾಗ ನನಗ ಮುಂದಿನ ಸೀಟ ಬೇಕು."

ಕುಡಿದರೆ ಮದುವೆಗೆ ಶಾಪ, ಕುಡಿಯದಿದ್ದರೆ ಮದುವೆಯೇ ಇಲ್ಲ. ಅಡುಗೆಮನೆಯಲ್ಲಿ ಶಿವಗಂಗಾ ತಾಯಿಯ ಸೆರಗು ಹಿಡಿದಳು. "ಯವ್ವಾ, ಯಪ್ಪನಿಂದ ಈ ಸಂಬಂಧ ಮುರೀತಂದ್ರ ನಾ ಪರೀಕ್ಷೆನೂ ಬರಿಯಂಗಿಲ್ಲ, ಬ್ಯಾರೆ ಮದವಿನೂ ಆಗಂಗಿಲ್ಲ. ನಾನ ಕೆನಡಾಕ್ಕ ಹೋಗಿ ಐಸಿನ ಮ್ಯಾಲೆ ಕಾವಲು ಕುಂದರತೇನಿ. ಆವಾಗರ ಯಪ್ಪಂದು ಹರಕಿ ಮುಗೀಲಿ."

ಹೊರಡುವ ದಿನ ಬೆಳಿಗ್ಗೆ ದ್ಯಾಮಪ್ಪ ಕೊನೆಯ ಆಸೆಯಿಂದ ಮೊಬೈಲ್ ನೋಡಿಸಿದ. ನಡೆದಿತ್ತು. ಇನ್ನೂ ನಡೆದೇ ಇತ್ತು.

ಇಂದೂರಿನಲ್ಲಿ ಆ ದಿನ ಬಿಸಿಲು ಎಂಥದ್ದೆಂದರೆ ನೆರಳೂ ನೆರಳಿಗೆ ಹೋಗಿ ನಿಂತಿತ್ತು. ಹುಡುಗನ ಮನೆಯಲ್ಲಿ ಯಜಮಾನಿಕೆ ಅಜ್ಜಿ ಗುರುಸಿದ್ದವ್ವನದು. ಅವಳ ಮಗ, ಅಂದರೆ ಹುಡುಗನ ತಂದೆ, ತಲೆ ಅಲ್ಲಾಡಿಸುವುದಕ್ಕೂ ಮೊದಲು ಅವಳ ತಲೆ ನೋಡುತ್ತಿದ್ದರು. ಪಡಸಾಲೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹೊಸ ಫ್ರಿಜ್ಜು, ಅದರ ಮೇಲೆ ಕಸೂತಿಯ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವು. ಒಳಗಿನಿಂದ ಹೋಳಿಗೆಯ ವಾಸನೆ. ಆದರೆ ಚಹಾ ಆಗದೆ ಹೋಳಿಗೆ ಇಲ್ಲ.

ಚಹಾ ಬಂತು. ದ್ಯಾಮಪ್ಪನ ಮುಂದೆ ಕೂತಿತು. ಅವನು ಅದನ್ನು ನೋಡಿದ, ಅದು ಅವನನ್ನು ನೋಡಿತು.

"ತಗೋರಿ ಬೀಗರ" ಎಂದಳು ಗುರುಸಿದ್ದವ್ವ.

"ತಗೊಳ್ಳೂಣ್ರಿ... ಮನಿ ಚಲೋ ಐತ್ರಿ."

"ತಗೋರಿ, ಆರತೈತಿ."

"ಗ್ವಾಡಿನೂ ಗಟ್ಟಿ ಐತ್ರಿ. ಜಂತಿ ಸಾಗವಾನೀದೇನ್ರಿ?"

"ಸಾಗವಾನೀದು. ಚಾ ತಗೋರಿ."

ದ್ಯಾಮಪ್ಪ ಕಿಟಕಿ ಹೊಗಳಿದ, ದನ ಹೊಗಳಿದ, ಗೋಡೆಯ ಮೇಲಿನ ಕ್ಯಾಲೆಂಡರ್ ಹೊಗಳಿದ. ಹೊಗಳಲು ಇನ್ನೇನೂ ಉಳಿಯದಾದಾಗ ಚಹಾದ ಮೇಲೆ ದಪ್ಪ ಕೆನೆ ಕಟ್ಟಿತ್ತು. ಹುಡುಗನ ತಂದೆಯ ಮುಖದ ಮೇಲೂ ಅಂಥದೇ ಒಂದು ಪದರ ಕಟ್ಟುತ್ತಿತ್ತು. ಬಾಗಿಲ ಮರೆಯಲ್ಲಿ ನಿಂತಿದ್ದ ಶರಣಬಸವ ಬೆವರು ಒರೆಸಿಕೊಂಡ.

"ಬೀಗರ" ಎಂದಳು ಗುರುಸಿದ್ದವ್ವ, ಧ್ವನಿ ಇಳಿಸಿ. "ನಮ್ಮ ಚಾದಾಗ ಕಮ್ಮಿ ಏನೈತಿ? ಹುಡುಗ ಮನಸ್ಸಿಗೆ ಬರಲಿಲ್ಲಂದ್ರ ಬಾಯಿಬಿಟ್ಟು ಹೇಳ್ರಿ. ಚಾ ಹಿಂಗ ಸಾಯಿಸಬ್ಯಾಡ್ರಿ."

ದ್ಯಾಮಪ್ಪ ಅಲ್ಲೇ ಕರಗಿದ. ಐಸು, ಆರ್ಕ್ಟಿಕ್ಕು, ಕಾಯಿ, ಗಂಟೆ, ಎಲ್ಲವನ್ನೂ ಹೇಳಿದ. ಕೆಂಚವ್ವ ಪಕ್ಕದಿಂದ "ಖರೇ, ನಾ ಕೇಳೇನಿ" ಎಂದು ತಾಳ ಹಾಕಿದಳು.

ಗುರುಸಿದ್ದವ್ವ ಬೀಗರನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮ ಹಳ್ಳಾ ದಾಟಾಕ ಪೂಲು ಕಟ್ತೇವಿ ಅಂತ ಪ್ರತಿ ಇಲೆಕ್ಷನ್ನಿಗೆ ಮಾತು ಕೊಡ್ತಾರ. ಅದಕ್ಕ ಹಿಂಗ ಎಲ್ಲಾರೂ ಚಾ ಬಿಟ್ಟಿದ್ರ ಈ ಜಿಲ್ಲೆದಾಗ ಚಾಪುಡಿ ಅಂಗಡಿನ ಉಳೀತಿರಲಿಲ್ಲ. ಅಲ್ಲೋ, ಮಾತು ಕೊಟ್ಟವ್ರು ಅಲ್ಲಿ ಬೆಚ್ಚಗ ಕುಡ್ಯಾಕತ್ತಿರ್ತಾರ, ನಿಂದ್ಯಾಕೋ ಉಪವಾಸ?"

ಬಹುವಚನ ಹೋಗಿ ಏಕವಚನ ಬಂದಿತ್ತು. ಸಂಬಂಧ ಮುರಿಯುವ ಮೊದಲ ಸದ್ದು ಇದೇ. ಮೋತಿಲಾಲ ಟೆಂಪೋದ ಕೀಲಿಗಾಗಿ ಜೇಬು ಮುಟ್ಟಿಕೊಂಡ.

ಆಗ ಹೊಳೆವ್ವ ಬಾಯಿ ತೆರೆದಳು. ಅವಳ ಕಣ್ಣು ಫ್ರಿಜ್ಜಿನ ಮೇಲಿತ್ತು.

"ಕೆಂಚವ್ವಾಯಿ, ಇವರು ಅವತ್ತ ಏನಂದ್ರು? ಚಾ ಕುಡಿಯೂದಿಲ್ಲ ಅಂದ್ರು, ಹೌದಿಲ್ಲೋ?"

"ಹೌದು."

"ತಿನ್ನೂದಿಲ್ಲ ಅಂದ್ರೇನು?"

ಕೆಂಚವ್ವ ಕಣ್ಣು ಮುಚ್ಚಿ ಬಸವಣ್ಣನನ್ನು ಕೇಳಿದಳು. "ತಿನ್ನೂದರ ಸುದ್ದಿ ಬಂದಿಲ್ಲ."

"ಹಂಗಾರ ಆ ಫ್ರಿಜ್ಜಿನಾಗ ಐಸ್ ಮಾಡೂ ಮ್ಯಾಲಿನ ಖಣ ಖಾಲಿ ಮಾಡ್ರಿ" ಎಂದಳು ಹೊಳೆವ್ವ. "ಇಷ್ಟು ವರ್ಷ ಐಸ್‌ಕ್ಯಾಂಡಿ ಮಾಡೂ ಗಂಡನ್ನ ಕಟ್ಟಿಕೊಂಡೇನಿ. ಇವತ್ತರ ಉಪಯೋಗ ಆಗಲಿ."

ಗುರುಸಿದ್ದವ್ವನಿಗೆ ಈ ಹೆಂಗಸು ಬಹಳ ಹಿಡಿಸಿದಳು. ತಾನೇ ಎದ್ದು ವಾಟಗವೆಂಬ ಸಣ್ಣ ಸ್ಟೀಲ್ ಲೋಟದಲ್ಲಿ ಚಹಾ ಹಾಕಿ, ಹಿಡಿಕೆಗೆ ಒಂದು ಚಮಚ ನಿಲ್ಲಿಸಿ, ಫ್ರೀಜರಿನಲ್ಲಿ ಇಟ್ಟಳು. ಇನ್ನು ಕಾಯುವುದು. ಹೋಳಿಗೆಯೂ ಕಾಯುತ್ತಿತ್ತು, ಹೊಟ್ಟೆಗಳೂ ಕಾಯುತ್ತಿದ್ದವು.

ಹಸಿದ ಮನುಷ್ಯ ಸುಮ್ಮನಿರುವುದಿಲ್ಲ. ಹುಡುಗನ ತಂದೆ ಗಳಿಗೆಗೊಮ್ಮೆ ಫ್ರಿಜ್ ಬಾಗಿಲು ತೆಗೆದು "ಆತೇನು?" ಎಂದು ಇಣುಕುತ್ತಿದ್ದರು. ದ್ಯಾಮಪ್ಪನೊಳಗಿನ ವೃತ್ತಿಪರ ಹೌಹಾರಿದ.

"ಬಾಗಲಾ ತಗೀಬ್ಯಾಡ್ರಿ ಬೀಗರ! ಒಳಗಿನ ಥಂಡಿ ಹೊರಗ ಬರತೈತಿ, ಹೊರಗಿನ ಝಳ ಒಳಗ ನುಗ್ಗತೈತಿ! ಗಡಿ ಭದ್ರ ಇರಬೇಕ್ರಿ!"

ಕೊನೆಗೆ ಕೆಂಚವ್ವ ಫ್ರಿಜ್ಜಿನ ಮುಂದೆ ಸ್ಟೂಲ್ ಹಾಕಿಕೊಂಡು, ಕೈಯಲ್ಲಿ ದನ ಹೊಡೆಯುವ ಕೋಲು ಹಿಡಿದು ಕೂತಳು. ಬಿಳಿ ಕರಡಿ ಬಂದಿದ್ದರೂ ಆ ಬಾಗಿಲು ತೆರೆಯುತ್ತಿರಲಿಲ್ಲ. ಹುಡುಗನ ತಂದೆ ತಮ್ಮದೇ ಫ್ರಿಜ್ಜಿನಿಂದ ನೀರು ಬೇಕೆಂದಾಗ ಅವಳು ಕೋಲಿನಿಂದ ಮೂಲೆಯ ನೀರಿನ ಕೊಡದ ಕಡೆ ತೋರಿಸಿದಳು.

ಅಷ್ಟರಲ್ಲಿ ಕರೆಂಟ್ ಹೋಯಿತು.

ಫ್ಯಾನ್ ನಿಂತಿತು, ಫ್ರಿಜ್ಜಿನ ಗುಂಯ್ ನಿಂತಿತು, ದ್ಯಾಮಪ್ಪನ ಉಸಿರು ನಿಂತಿತು. ಹಿತ್ತಲಿನ ಹಲಸಿನ ಟೊಂಗೆಯೊಂದು ಮುರಿದು ತಂತಿಯ ಮೇಲೆ ಬಿದ್ದಿತ್ತು.

"ಕರಗತೈತಿ! ನನ್ನ ಮಗಳ ಸಂಸಾರ ಕರಗತೈತ್ರಿ!" ಎಂದು ದ್ಯಾಮಪ್ಪ ಫ್ರಿಜ್ಜನ್ನು ಕಂಬಳಿಯಿಂದ ಹೊದಿಸಿ ತಬ್ಬಿಕೊಂಡ. ಬಾಗಿಲು ಮುಟ್ಟಿದನೆಂದು ಕೆಂಚವ್ವ ಅವನಿಗೂ ಕೋಲಿನಿಂದ ಒಂದೇಟು ಕೊಟ್ಟಳು.

ಅಲ್ಲಿಯವರೆಗೆ ನಾಚಿ ನಿಂತಿದ್ದ ಶರಣಬಸವ ನಾಚಿಕೆಯನ್ನು ಗೂಟಕ್ಕೆ ತೂಗುಹಾಕಿ ಅಲ್ಲಿಂದಲೇ ಕಂಬ ಏರುವಾಗ ಕಟ್ಟುವ ತನ್ನ ಬೆಲ್ಟು ಇಳಿಸಿಕೊಂಡ. ಫೋನಿನಲ್ಲಿ ಲೈನು ಬಂದ್ ಮಾಡಿಸಿ, ಮನೆ ನೋಡುವವರಿಗೆ ತೋರಿಸಲೆಂದು ಹಾಕಿದ್ದ ಇಸ್ತ್ರಿ ಅಂಗಿಯಲ್ಲೇ ಕಂಬ ಏರಿದ. ಟೊಂಗೆ ಕಡಿದು ಕೆಡವಿದ, ತಂತಿ ಬಿಗಿದ. ಕೆಳಗೆ ಇಡೀ ಓಣಿ ಕತ್ತೆತ್ತಿ ನಿಂತಿತ್ತು. ಮೋತಿಲಾಲ ವಿಡಿಯೋ ಕಾಲ್ ಮಾಡಿ ಶಿವಗಂಗಾಳಿಗೆ ಅದನ್ನು ತೋರಿಸಿದ. ಆ ಕಡೆಯಿಂದ "ಸಾವಕಾಶ ಇಳೀರಿ ಅಂತ ಹೇಳ್ರಿ ಕಾಕಾ" ಎಂದು ಓದುವ ಧ್ವನಿ ಅಲ್ಲದ ಧ್ವನಿ ಬಂತು.

ಅವನು ಇಳಿದು ಲೈನು ಬಿಡಿಸಿದೊಡನೆ ಫ್ರಿಜ್ಜು ಮತ್ತೆ ಗುಂಯ್ ಎಂದಿತು. ಪಡಸಾಲೆಯಲ್ಲಿ ಚಪ್ಪಾಳೆ.

"ದ್ಯಾಮಣ್ಣ" ಎಂದ ಮೋತಿಲಾಲ, "ಐಸಿಗೆ ಕಾವಲು ಆತು. ತುರ್ತಿಗೆ ಹುಡುಗ ಕಂಬಾ ಏರಿದ. ಕೆನಡಾದವ್ರಿಗೆ ಒಂದು ಫೋಟೋ ಕಳಸು, ನೋಡಿ ಕಲೀಲಿ."

ಹೊತ್ತು ಇಳಿಯುವ ವೇಳೆಗೆ ವಾಟಗ ಹೊರಗೆ ಬಂತು. ಚಹಾ ಗಟ್ಟಿಯಾಗಿತ್ತು, ಚಮಚ ನೆಟ್ಟಗೆ ನಿಂತಿತ್ತು. ಗುರುಸಿದ್ದವ್ವ ಅದನ್ನು ಹೊಳೆವ್ವನ ಕೈಗಿತ್ತು, ಜಗಲಿಯಿಂದ ಒಂದು ತೆಂಗಿನಕಾಯಿ ತಂದು, ಅರಿಶಿಣ ಕುಂಕುಮ ಹಚ್ಚಿ, ಪದ್ಧತಿಯಂತೆ ದ್ಯಾಮಪ್ಪನ ಎರಡೂ ಕೈಯಲ್ಲಿಟ್ಟಳು. "ನಮಗ ಒಪ್ಪಿಗಿ ಐತ್ರಿ ಬೀಗರ" ಎಂದಳು. ಬಹುವಚನ ವಾಪಸ್ ಬಂದಿತ್ತು. "ನೀವೂ ಒಂದು ಮಾತು ಆಡ್ರಿ."

ದ್ಯಾಮಪ್ಪನ ಎದೆ ಉಬ್ಬಿತು. ಕಂಬ ಏರಿಳಿದ ಭಾವಿ ಅಳಿಯ ಮಾಸಿದ ಇಸ್ತ್ರಿ ಅಂಗಿಯಲ್ಲೇ ಎದುರಿಗೆ ನಿಂತಿದ್ದ. ದ್ಯಾಮಪ್ಪ ಎದ್ದು ನಿಂತ. ಎದ್ದು ನಿಂತವನು ಕೈ ಎತ್ತಿದ. ಎತ್ತಿದ ಕೈಯಲ್ಲಿ ಕಾಯಿ ಇತ್ತು.

"ಈ ಊರಿನ ಹಳ್ಳಕ್ಕ ಪೂಲು ಆಗೂತನಕ ಈ ದ್ಯಾಮಪ್ಪ..."

"ಬಾಯಿ ಹಿಡೀರಿ ಅವನ್ನ!" ಎಂದು ಮೋತಿಲಾಲ ಚೀರಿದ.

ಹೊಳೆವ್ವ ಹಿಡಿಯಲಿಲ್ಲ, ತುಂಬಿದಳು. ವಾಟಗದಿಂದ ಚಹಾದ ಗಡ್ಡೆ ಕಿತ್ತು ಚಮಚ ಸಮೇತ ಗಂಡನ ಬಾಯಿಗೆ ತುರುಕಿದಳು. ಚಹಾ ಒಳಗೆ ಹೋಯಿತು, ಮಾತು ಗಂಟಲಲ್ಲೇ ಹೆಪ್ಪುಗಟ್ಟಿತು. ಇಂದೂರಿನವರು ಒಪ್ಪ್ಯಾರ, ಒಪ್ಪ್ಯಾರ ಎಂದು ಕೂಗಿದರು, ಒಳಗಿನಿಂದ ಹೋಳಿಗೆ ಹೊರಟಿತು. ದ್ಯಾಮಪ್ಪ ಕಣ್ಣಲ್ಲಿ ನೀರು ತುಂಬಿಕೊಂಡು ಚಮಚ ಚೀಪುತ್ತ ನಿಂತ. ಸಂತೋಷಕ್ಕೋ ಹಲ್ಲಿನ ಝುಮ್ಮಿಗೋ ಯಾರಿಗೂ ತಿಳಿಯಲಿಲ್ಲ.

ಹೊಳೆವ್ವ ಅವನ ಕೈಯಿಂದ ಕಾಯಿಯನ್ನು ಬಿಡಿಸಿಕೊಂಡು ಸೆರಗಿನಲ್ಲಿ ಗಂಟು ಹಾಕಿದಳು. ಆಮೇಲೆ ಆ ಮನೆಯ ದೇವರ ಜಗಲಿಯತ್ತ ತಿರುಗಿ, ಸಾಂಬ್ರಾಣಿಯ ಗುಡಿಯವರೆಗೂ ಕೇಳಲಿ ಎಂಬ ಧ್ವನಿಯಲ್ಲಿ ಹೇಳಿದಳು:

"ಬಸವಣ್ಣಾ, ಈಗ ಹೇಳಿಬಿಡ್ತೇನಿ, ನೆನಪಿಟ್ಕೋ. ಇದು ಚಟ್ನಿಗೆ."